ಅಂಗಳದಲ್ಲಿ ಬಿದ್ದ ಗರಿ ಯಾವ ಹಕ್ಕಿಯದು?

ಮಳೆ ಸ್ವಲ್ಪ ಹೊಳವಾಗಿತ್ತು. ತೋಟಕ್ಕೆ ಹೋಗಿದ್ದ ಅಣ್ಣನ ಮಗಳು ಕೈಯಲ್ಲಿ ಒಂದು ಗರಿ ಹಿಡಿದುಕೊಂಡು ಓಡಿ ಬಂದಳು. “ಅಪ್ಪಚ್ಚಿ, ಇದು ಗರುಡಂದು ಅಲ್ದಾ?” ಕೆಂಪಡಿಕೆಯ ಬಣ್ಣದ ಚಂದದ ಗರಿ. ಆಯಿ ಒಳಗಿನಿಂದ ಬಂದವಳೇ, “ಗರುಡಂದಾದ್ರೆ ಕೆಳಗೆ ಇಡಡ, ದೇವರ ಕೋಣೆಲಿ ಇಡು” ಎಂದಳು.

ಶಾಲೆಯಲ್ಲಿ ಪರಿಸರದ ಪ್ರಾಜೆಕ್ಟ್ ಕೊಟ್ಟಿದ್ದರು. ಮನೆಯ ಸುತ್ತ ಸಿಕ್ಕಿದ ಒಂದು ವಸ್ತುವಿನ ಬಗ್ಗೆ ಬರೆದುಕೊಂಡು ಹೋಗಬೇಕು. ಹಾಗಾಗಿ ಅವಳಿಗೆ ಉತ್ತರ ಅವತ್ತೇ ಬೇಕಿತ್ತು. ಅದೇ ವಾರ ಕಾರವಾರದ ಗೆಳೆಯನೊಬ್ಬ ಕಡಲ ತೀರದಲ್ಲಿ ಸಿಕ್ಕಿದ ಗರಿಯ ಫೋಟೋ ಕಳಿಸಿ ಇದೇ ಪ್ರಶ್ನೆ ಕೇಳಿದ್ದ. ಮಳೆ ಹಿಂದೆ ಸರಿಯುವ ಹೊತ್ತಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಗರಿ ಸಿಗುವುದು ಜಾಸ್ತಿ. ಪ್ರಶ್ನೆಗಳೂ ಜಾಸ್ತಿ.

ನಾವಿಬ್ಬರೂ ಜಗಲಿಯಲ್ಲಿ ಕೂತು ಒಂದು ತಾಸು ಆ ಗರಿಯನ್ನು ನೋಡಿದೆವು. ಸಾಮಾನ್ಯವಾಗಿ ಎಲ್ಲರೂ ಮೊದಲು ಬಣ್ಣ ನೋಡುತ್ತಾರೆ. ಆದರೆ ಬಣ್ಣ ನೋಡಬೇಕಾದದ್ದು ಕೊನೆಗೆ. ಗರಿ ಮೈಯ ಯಾವ ಭಾಗದ್ದು, ಎಷ್ಟು ಉದ್ದ ಇದೆ ಎಂಬುದು ಗೊತ್ತಾದ ಮೇಲೆಯೇ ಬಣ್ಣ ಉಪಯೋಗಕ್ಕೆ ಬರುವುದು. ಯಾಕೆ ಅಂತ ಬುಡದಿಂದ ನೋಡೋಣ.

ಹಕ್ಕಿ ಗರಿ ಉದುರಿಸುವುದೇಕೆ?

ಗರಿ ಆಗಿರುವುದು ಕೆರಾಟಿನ್ ಎಂಬ ವಸ್ತುವಿನಿಂದ. ನಮ್ಮ ಉಗುರು, ಕೂದಲು, ದನದ ಗೊರಸು ಕೂಡ ಅದೇ ಜಾತಿಯವು. ಪೂರ್ತಿ ಬೆಳೆದ ಗರಿಗೆ ಜೀವ ಇರುವುದಿಲ್ಲ. ಬಿಸಿಲಿಗೆ, ಗಾಳಿಗೆ, ಕೊಂಬೆಗಳ ಉಜ್ಜಾಟಕ್ಕೆ ಸವೆದರೆ ಅದು ಮತ್ತೆ ಸರಿಯಾಗುವುದಿಲ್ಲ. ಹಳೆಯದು ಬಿದ್ದು ಅದೇ ಜಾಗದಲ್ಲಿ ಹೊಸದು ಹುಟ್ಟಬೇಕು.

ಹೆಚ್ಚಿನ ಹಕ್ಕಿಗಳು ಈ ಕೆಲಸವನ್ನು ವರ್ಷಕ್ಕೊಮ್ಮೆ, ಮರಿಗಳನ್ನು ಹಾರಿಸಿ ಕಳಿಸಿದ ಮೇಲೆ ಮಾಡುತ್ತವೆ. ಹೊಸ ಗರಿ ಬೆಳೆಸಲು ಮೈಗೆ ಒಳ್ಳೆಯ ಆಹಾರ ಬೇಕು. ಮರಿಗೆ ಉಣಿಸುವುದೂ ಗರಿ ಬೆಳೆಸುವುದೂ ಒಟ್ಟಿಗೆ ನಡೆಸುವುದು ಕಷ್ಟ. ಹಾರುವ ಗರಿಗಳು ಒಂದೇ ಸಲ ಬಿದ್ದರೆ ಹಾರಲಾಗುವುದಿಲ್ಲ. ಅದಕ್ಕೇ ಎಡ ಬಲ ಎರಡೂ ರೆಕ್ಕೆಯಿಂದ ಜೋಡಿ ಜೋಡಿಯಾಗಿ ಸರದಿಯಲ್ಲಿ ಉದುರುತ್ತವೆ. ಮಳೆಗಾಲದಲ್ಲಿ ತಲೆಯ ಮೇಲೆ ಹಾರುವ ಕಾಗೆಯನ್ನು ಗಮನಿಸಿ. ಹಲ್ಲು ಬಿದ್ದ ಮಗುವಿನ ಬಾಯಿಯ ಹಾಗೆ ಎರಡೂ ರೆಕ್ಕೆಯಲ್ಲಿ ಒಂದೇ ಕಡೆ ಕಿಂಡಿ ಕಾಣುತ್ತದೆ.

ಹಾಗಾಗಿ ಒಂಟಿ ಗರಿ ಸಿಕ್ಕಿತು ಅಂದರೆ ಹಕ್ಕಿ ಸತ್ತಿದೆ ಅಂತ ಅಲ್ಲ. ಹೆಚ್ಚಿನ ಸಲ ಅದು ಅಲ್ಲೇ ಎಲ್ಲೋ ಆರಾಮಾಗಿ ಇರುತ್ತದೆ.

ತೆಂಗಿನ ಗರಿ, ಹಕ್ಕಿಯ ಗರಿ

ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು, ಗರಿ. ಹೋಲಿಕೆಯೂ ಹಾಗೇ ಇದೆ. ನಡುವೆ ಒಂದು ದಂಟು. ಅದರ ಎರಡೂ ಪಕ್ಕಕ್ಕೆ ಓರೆಯಾಗಿ ಹೊರಟ ಎಳೆಗಳು. ದಂಟಿನ ಬುಡ ಟೊಳ್ಳಾಗಿ, ಬರಿದಾಗಿ ಇರುತ್ತದೆ. ಚರ್ಮದೊಳಗೆ ಕೂತಿದ್ದ ಭಾಗ ಅದು.

ತೆಂಗಿನ ಗರಿಯಲ್ಲಿ ಎಳೆಗಳು ಬಿಡಿಬಿಡಿ. ಹಕ್ಕಿಯ ಗರಿಯಲ್ಲಿ ಮಾತ್ರ ಒಂದಕ್ಕೊಂದು ಅಂಟಿಕೊಂಡು ಬಟ್ಟೆಯ ಹಾಗೆ ಆಗಿರುತ್ತವೆ. ಅಲ್ಲಿ ಅಂಟು ಏನೂ ಇಲ್ಲ. ಪ್ರತಿ ಎಳೆಯ ಅಂಚಿನಲ್ಲೂ ಕಣ್ಣಿಗೆ ಕಾಣದ ಮರಿ ಎಳೆಗಳಿವೆ, ಅವುಗಳಲ್ಲಿ ಕೊಕ್ಕೆಗಳಿವೆ. ಉತ್ತರಾಣಿಯ ಕಾಳು ಪಂಚೆಗೆ ಕಚ್ಚಿಕೊಳ್ಳುತ್ತದಲ್ಲ, ಹಾಗೆ ಈ ಕೊಕ್ಕೆಗಳು ಪಕ್ಕದ ಎಳೆಯನ್ನು ಕಚ್ಚಿಕೊಳ್ಳುತ್ತವೆ. ನಮ್ಮ ಹುಡುಗಿ ಗರಿಯನ್ನು ನಡುವೆ ಸೀಳಿದಳು. ಆಮೇಲೆ ಎರಡು ಬೆರಳಿನಲ್ಲಿ ಬುಡದಿಂದ ತುದಿಗೆ ಮೆಲ್ಲಗೆ ಸವರಿದಳು. ಸೀಳು ಕೂಡಿಕೊಂಡಿತು. ನಾಲ್ಕು ಸಲ ಹಾಗೇ ಮಾಡಿದಳು. ಹಕ್ಕಿ ಕೂತಲ್ಲೇ ಕೊಕ್ಕಿನಿಂದ ಗರಿ ತೀಡುತ್ತಿರುತ್ತದಲ್ಲ, ಆಗ ಮಾಡುವುದೂ ಇದನ್ನೇ.

ಬುಡದ ಹತ್ತಿರದ ಎಳೆಗಳಿಗೆ ಕೊಕ್ಕೆ ಇರುವುದಿಲ್ಲ. ಅಲ್ಲಿ ಗರಿ ಹತ್ತಿಯ ಹಾಗೆ ಮೆತ್ತಗಿರುತ್ತದೆ, ಅದನ್ನು ತುಪ್ಪಳ ಅನ್ನೋಣ. ಹಕ್ಕಿಯನ್ನು ಬೆಚ್ಚಗಿಡುವುದು ಅದೇ.

ರೆಕ್ಕೆಯದೋ, ಬಾಲದ್ದೋ, ಮೈಯದೋ?

ಗುರುತಿಸುವ ಕೆಲಸ ನಿಜವಾಗಿ ಶುರುವಾಗುವುದು ಇಲ್ಲಿಂದ. ಒಂದೇ ಹಕ್ಕಿಯ ಮೈಮೇಲೆ ಹತ್ತಾರು ಬಗೆಯ ಗರಿ ಇರುತ್ತವೆ. ಕಾಗೆಯ ಕುತ್ತಿಗೆಯ ಗರಿಗೂ ರೆಕ್ಕೆಯ ಗರಿಗೂ ಉದ್ದದಲ್ಲಿ, ಬಣ್ಣದಲ್ಲಿ ಸಂಬಂಧವೇ ಇಲ್ಲ.

ದಂಟು ನೋಡಿ. ಅದು ಸರಿಯಾಗಿ ನಡುವೆ ಇದೆಯಾ, ಒಂದು ಪಕ್ಕಕ್ಕೆ ಸರಿದಿದೆಯಾ? ಒಂದು ಪಕ್ಕ ಸಪೂರ, ಇನ್ನೊಂದು ಅಗಲ ಇದ್ದರೆ, ಗರಿ ಬಿಗಿಯಾಗಿದ್ದರೆ, ಅದು ರೆಕ್ಕೆಯದು. ಹಾರುವಾಗ ಗಾಳಿ ಎದುರಿನಿಂದ ಬಡಿಯುತ್ತದೆ. ಗಾಳಿಗೆ ಎದುರಾಗುವ ಪಕ್ಕ ಅಗಲವಾಗಿದ್ದರೆ, ಮಳೆಗಾಲದ ಗಾಳಿಗೆ ಕೊಡೆ ಮಗುಚಿಕೊಳ್ಳುವಂತೆ ಗರಿಯೂ ಮಗುಚಿಕೊಂಡೀತು. ಅದಕ್ಕೇ ಆ ಪಕ್ಕ ಸಪೂರ, ಗಟ್ಟಿ.

ರೆಕ್ಕೆಯಲ್ಲೂ ಎರಡು ಗುಂಪು. ತುದಿಯ ಕಡೆಯವು ಉದ್ದ, ಚೂಪು. ಹೆಚ್ಚಿನ ಹಕ್ಕಿಗಳಲ್ಲಿ ಒಂದು ರೆಕ್ಕೆಗೆ 10ರ ಹತ್ತಿರ ಇರುತ್ತವೆ. ಮೈಗೆ ಹತ್ತಿರದವು ಸ್ವಲ್ಪ ಗಿಡ್ಡ, ಅಗಲ, ತುದಿ ಮೊಂಡು, ದಂಟು ಬಾಗಿರುತ್ತದೆ. ಹೊರಗಿನವು ಮುಂದಕ್ಕೆ ತಳ್ಳುವ ಗರಿ, ಒಳಗಿನವು ಮೇಲಕ್ಕೆತ್ತಿ ಹಿಡಿಯುವ ಗರಿ ಅಂತ ನೆನಪಿಟ್ಟುಕೊಂಡರೆ ಆಯಿತು.

ಬಾಲದ ಗರಿಯ ದಂಟು ಹೆಚ್ಚಾಗಿ ನೆಟ್ಟಗೆ. ಬಾಲದ ನಡುವಿನ ಜೋಡಿಯಲ್ಲಿ ಎರಡೂ ಪಕ್ಕ ಸಮ. ಅಂಚಿಗೆ ಹೋದ ಹಾಗೆ ಬಾಲದ ಗರಿಯಲ್ಲೂ ದಂಟು ಪಕ್ಕಕ್ಕೆ ಸರಿಯುತ್ತದೆ, ಅಲ್ಲಿ ಸ್ವಲ್ಪ ಗೊಂದಲ ಆಗುವುದು ಸಹಜ. ಇನ್ನು ಮೈಯ ಗರಿ ಚಿಕ್ಕದು, ಮೆತ್ತಗೆ, ಅರ್ಧಕ್ಕಿಂತ ಜಾಸ್ತಿ ತುಪ್ಪಳ. ಬರೀ ಒಂದು ಮೈಗರಿ ನೋಡಿ ಹಕ್ಕಿಯ ಹೆಸರು ಹೇಳುವುದು ಹೆಚ್ಚಿನ ಸಲ ಆಗದ ಮಾತು.

ರೆಕ್ಕೆಯ ಗರಿ ಆದರೆ ಯಾವ ರೆಕ್ಕೆ ಅಂತಲೂ ಹೇಳಬಹುದು. ಮಕ್ಕಳಿಗೆ ಇದು ತುಂಬಾ ಇಷ್ಟ. ಗರಿಯ ಮೇಲ್ಮೈ ನುಣುಪಾಗಿ, ಬಣ್ಣ ಗಾಢವಾಗಿ ಇರುತ್ತದೆ. ಅಡಿಮೈಯಲ್ಲಿ ದಂಟಿನ ಉದ್ದಕ್ಕೂ ಸಣ್ಣ ಗೀರು ಕಾಣುತ್ತದೆ. ಮೇಲ್ಮೈ ಮೇಲೆ ಬರುವಂತೆ, ತುದಿ ನಿಮ್ಮಿಂದ ಆಚೆಗೆ ಇರುವಂತೆ ನೆಲದ ಮೇಲಿಡಿ. ಸಪೂರ ಪಕ್ಕ ನಿಮ್ಮ ಎಡಕ್ಕೆ ಇದ್ದರೆ ಅದು ಬಲ ರೆಕ್ಕೆಯ ಗರಿ. ಬಲಕ್ಕೆ ಇದ್ದರೆ ಎಡ ರೆಕ್ಕೆಯದು. ಉಲ್ಟಾ ಅನಿಸುತ್ತದೆ ಅಲ್ವಾ? ನಿಮ್ಮ ಬಲಗೈಯನ್ನು ಪಕ್ಕಕ್ಕೆ ಚಾಚಿ, ಭುಜದಿಂದ ಬೆರಳಿನ ಕಡೆಗೆ ನೋಡಿ. ನಿಮ್ಮ ಮುಂದಿನ ದಿಕ್ಕು ಆ ಕೈಯ ಎಡಕ್ಕೇ ಬರುತ್ತದೆ.

ನಮ್ಮ ಕೆಂಪು ಗರಿಯ ಸಪೂರ ಪಕ್ಕ ಎಡಕ್ಕಿತ್ತು. ಬಲ ರೆಕ್ಕೆ. ದಂಟು ಬಾಗಿತ್ತು, ತುದಿ ದುಂಡಗಿತ್ತು. ಸ್ಕೇಲ್ ಇಟ್ಟು ಅಳೆದೆವು, 16 ಸೆಂ.ಮೀ.

ಉದ್ದ ಹೇಳುವ ಕಥೆ

ದಂಟಿನ ಬುಡದಿಂದ ತುದಿಯವರೆಗೆ, ಬಾಗಿದ್ದರೆ ಮೆಲ್ಲಗೆ ನೆಟ್ಟಗೆ ಮಾಡಿ ಅಳೆಯಬೇಕು. ಸ್ಕೇಲ್ ಇಲ್ಲದಿದ್ದರೆ ಪಕ್ಕದಲ್ಲಿ ಒಂದು ನಾಣ್ಯವನ್ನೋ ಪೆನ್ನನ್ನೋ ಇಟ್ಟು ಫೋಟೋ ತೆಗೆಯಿರಿ. ಬರೀ ಗರಿಯ ಫೋಟೋ ನೋಡಿದರೆ ಗುಬ್ಬಿಯದೋ ಗರುಡನದೋ ಯಾರಿಗೂ ತಿಳಿಯುವುದಿಲ್ಲ.

ಗೊರವಂಕದ ರೆಕ್ಕೆಯ ದೊಡ್ಡ ಗರಿ ಸುಮಾರು 10ರಿಂದ 12 ಸೆಂ.ಮೀ. ಕಾಗೆಯದು 20ರ ಆಚೀಚೆ, ಅಂದರೆ ಒಂದು ಗೇಣು. ಗರುಡನ ರೆಕ್ಕೆಯ ಉದ್ದನೆಯ ಗರಿಗಳು 25 ದಾಟುತ್ತವೆ. ಈ ಮೂರು ಅಳತೆ ತಲೆಯಲ್ಲಿದ್ದರೆ ಸಾಕು, ಉಳಿದವನ್ನು ನಡುವೆ ಎಲ್ಲಾದರೂ ಕೂರಿಸಬಹುದು.

ಬಣ್ಣ ಯಾಕೆ ಮೋಸ ಮಾಡುತ್ತದೆ?

ಗರಿಗೆ ಬಣ್ಣ ಬರುವುದು ಎರಡು ದಾರಿಯಲ್ಲಿ. ಒಂದು, ಗರಿಯೊಳಗೇ ಇರುವ ಬಣ್ಣದ ವಸ್ತು. ಕಪ್ಪು, ಕಂದು, ಕೆಂಗಂದು ಎಲ್ಲ ಮೆಲನಿನ್‌ನಿಂದ. ನಮ್ಮ ಕೂದಲಿಗೆ ಕಪ್ಪು ಕೊಡುವುದೂ ಅದೇ. ಮೆಲನಿನ್ ಇರುವ ಗರಿ ಬೇಗ ಸವೆಯುವುದಿಲ್ಲ. ಗರುಡ, ಕಡಲಕ್ಕಿಗಳ ರೆಕ್ಕೆಯ ತುದಿ ಕಪ್ಪಾಗಿರುವುದರ ಉಪಯೋಗ ಇದು. ಹೆಚ್ಚು ಸವೆಯುವ ಜಾಗ ತುದಿ ತಾನೆ.

ಎರಡನೆಯದು, ಗರಿಯ ರಚನೆ. ನೀಲಕಂಠ ಮತ್ತು ಮಿಂಚುಳ್ಳಿಯ ಗರಿಯಲ್ಲಿ ನೀಲಿ ಬಣ್ಣದ ವಸ್ತು ಒಂದು ಚೂರೂ ಇಲ್ಲ. ಎಳೆಯೊಳಗಿನ ಅತಿ ಸಣ್ಣ ರಚನೆಗಳು ಬೆಳಕನ್ನು ಚದುರಿಸಿ ನೀಲಿಯನ್ನು ಮಾತ್ರ ಹಿಂದಕ್ಕೆ ಕಳಿಸುತ್ತವೆ. ಮಿಂಚುಳ್ಳಿಯ ಗರಿಯನ್ನು ಸೂರ್ಯನಿಗೆ ಅಡ್ಡ ಹಿಡಿದು, ಬೆಳಕು ಹಿಂದಿನಿಂದ ಬರುವಂತೆ ನೋಡಿ. ನೀಲಿ ಮಾಯವಾಗಿ ಮಂಕು ಕಂದು ಕಾಣುತ್ತದೆ. ನಮ್ಮ ರಾಜ್ಯದ ಹಕ್ಕಿಯೇ ಆದ ನೀಲಕಂಠದ ಗರಿಯ ಬಣ್ಣದ ಬಗ್ಗೆ ಸಿ.ವಿ. ರಾಮನ್ ಬೆಂಗಳೂರಿನಲ್ಲಿದ್ದಾಗ, 1934ರಲ್ಲಿ, ಸಂಶೋಧನಾ ಲೇಖನವನ್ನೇ ಬರೆದಿದ್ದರು.

ಹೀಗಾಗಿ ನೆರಳಲ್ಲಿ ನೋಡಿದ ಬಣ್ಣ ಬಿಸಿಲಲ್ಲಿ ಬೇರೆ. ಮಳೆಗೆ ನೆನೆದ ಗರಿ ಒಣಗಿದರೆ ಬೇರೆ. ವರ್ಷಪೂರ್ತಿ ಬಿಸಿಲಿಗೆ ಬೆಂದ ಕಪ್ಪು ಗರಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ದೊಡ್ಡ ಮಂಗಟ್ಟೆಯ (ಹಾರ್ನ್‌ಬಿಲ್) ಬಿಳಿ ಗರಿಯ ಮೇಲಿನ ಹಳದಿಯಂತೂ ಗರಿಯ ಬಣ್ಣವೇ ಅಲ್ಲ. ಬಾಲದ ಬುಡದ ಗ್ರಂಥಿಯಿಂದ ಬರುವ ಎಣ್ಣೆಯನ್ನು ಹಕ್ಕಿ ಕೊಕ್ಕಿನಿಂದ ತಾನೇ ಸವರಿಕೊಂಡದ್ದು.

ಕಪ್ಪು ಗರಿ ಎಲ್ಲ ಕಾಗೆಯದಲ್ಲ

ಒಂದು ಗೇಣಿನ, ಬಿಗಿಯಾದ, ಪೂರ್ತಿ ಕಪ್ಪು ರೆಕ್ಕೆಗರಿ ಸಿಕ್ಕರೆ ಬಹುಪಾಲು ಕಾಗೆಯದೇ. ಆದರೆ ಬಿಸಿಲಿಗೆ ಹಿಡಿದು ನೋಡಿ. ಕಾಗೆಗೆ ನೀಲಿ-ನೇರಳೆ ಹೊಳಪು. ಗಂಡು ಕೋಗಿಲೆಯ ಗರಿಗೆ ನೀಲಿ-ಹಸಿರು ಹೊಳಪು, ಗಾತ್ರವೂ ಚಿಕ್ಕದು. ಅಘನಾಶಿನಿ, ಕಾಳಿ ನದಿಗಳ ಅಳಿವೆಯಲ್ಲಿ ಸಿಕ್ಕಿದ ಗಟ್ಟಿ ದಂಟಿನ ಕಪ್ಪು ಬಾಲದ ಗರಿ ನೀರುಕಾಗೆಯದಿರಬಹುದು. ಉದ್ದಕ್ಕೆ, ಅಗಲಕ್ಕೆ, ಮೆತ್ತಗೆ ಇದ್ದು 20 ಸೆಂ.ಮೀ. ದಾಟಿದ ಕಪ್ಪು ಬಾಲದ ಗರಿ ತೋಟದಲ್ಲಿ ಸಿಕ್ಕರೆ ಕೆಂಬೂತವನ್ನೂ ನೆನೆಯಬೇಕು.

ಗೊರವಂಕದ್ದು ಸುಲಭ. ರೆಕ್ಕೆಯ ಗರಿ ಗಾಢ ಕಂದು, ಬುಡದ ಕಡೆ ಬಿಳಿ. ಹಾರುವಾಗ ರೆಕ್ಕೆಯಲ್ಲಿ ಬಿಳಿ ಮಚ್ಚೆ ಮಿಂಚುತ್ತದಲ್ಲ, ಅದೇ ಇದು. ಬಾಲದ ಗರಿಯಾದರೆ ತುದಿ ಬಿಳಿ.

ಕಡಲ ತೀರದ ಬಿಳಿ ಗರಿಗಳು

ಕಾರವಾರದ ಗೆಳೆಯ ಕಳಿಸಿದ್ದು ಬಿಳಿ ಗರಿ. ಬೆಳ್ಳಕ್ಕಿಯದು ಎಂದು ಅವನ ಊಹೆ. ಬೆಳ್ಳಕ್ಕಿಯ ರೆಕ್ಕೆಯ ಗರಿ ಬುಡದಿಂದ ತುದಿಯವರೆಗೆ ಹಾಲಿನಂಥ ಬಿಳಿ. ಅವನದರಲ್ಲಿ ತುದಿ ಕಪ್ಪು, ಆ ಕಪ್ಪಿನೊಳಗೆ ಒಂದು ಬಿಳಿ ಮಚ್ಚೆ. ಚಳಿಗಾಲಕ್ಕೆ ನಮ್ಮ ಕರಾವಳಿಗೆ ಬರುವ ಕಂದು ತಲೆಯ ಕಡಲಕ್ಕಿಯ ಗುರುತು ಇದು. ಮಧ್ಯ ಏಷ್ಯಾದ ಎತ್ತರದ ಸರೋವರಗಳ ಹತ್ತಿರ ಮರಿ ಮಾಡಿ, ಹಿಮಾಲಯ ದಾಟಿ ಬಂದ ಹಕ್ಕಿಯ ಗರಿ ಅದು. ಹೇಳಿದಾಗ ಅವನಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಬಿಳಿ ಗರಿಯಲ್ಲಿ ಜನ ಜಾಸ್ತಿ ಎಡವುವುದು ಬ್ರಾಯ್ಲರ್ ಕೋಳಿಯ ಹತ್ತಿರ. ಕೋಳಿಯ ರೆಕ್ಕೆಗರಿ ಬಿಲ್ಲಿನ ಹಾಗೆ ಬಾಗಿರುತ್ತದೆ, ದಂಟು ಒರಟು. ಬೆಳ್ಳಕ್ಕಿಯದು ಅಷ್ಟು ಬಾಗುವುದಿಲ್ಲ. ರಸ್ತೆ ಬದಿಯಲ್ಲಿ, ಹೊಳೆ ದಂಡೆಯಲ್ಲಿ ಬಿಳಿ ಗರಿ ಸಿಕ್ಕರೆ ಮೊದಲು ಕೋಳಿಯನ್ನು ನೆನೆಯಿರಿ.

ಬೂದು ಗರಿಯ ತುದಿಯಲ್ಲಿ ಕಪ್ಪು ಪಟ್ಟಿ ಇದ್ದರೆ ಪಾರಿವಾಳದ ಬಾಲ. ಪಾರಿವಾಳ, ಬೆಳವಗಳ ಗರಿಗಳು ಚರ್ಮದಲ್ಲಿ ಸಡಿಲವಾಗಿ ಕೂತಿರುತ್ತವೆ. ಬೆಕ್ಕು ಬಾಯಿ ಹಾಕಿದರೆ ಬೆಕ್ಕಿನ ಬಾಯಲ್ಲಿ ಗರಿ ಮಾತ್ರ ಉಳಿಯುತ್ತದೆ, ಹಕ್ಕಿ ಪಾರು.

ಪಟ್ಟೆ ಇದ್ದರೆ ಗೂಬೆಯಾ?

ಕಂದು ಬಣ್ಣ, ಅಡ್ಡಡ್ಡ ಬಿಳಿ ಪಟ್ಟೆ. ಇಂಥ ಗರಿ ಕಂಡರೆ ಗೂಬೆ ಅಂತ ಹೆದರುವವರಿದ್ದಾರೆ. ಎಷ್ಟೋ ಸಲ ಅದು ಹೆಣ್ಣು ಕೋಗಿಲೆಯದು. ಗಂಡು ಕೋಗಿಲೆ ಕಪ್ಪು, ಹೆಣ್ಣು ಕೋಗಿಲೆಗೆ ಕಂದು ಮೈಮೇಲೆ ಬಿಳಿ ಚುಕ್ಕೆ, ಬಿಳಿ ಪಟ್ಟೆ.

ಗೂಬೆಯ ಗರಿಯನ್ನು ಬೆರಳೇ ಹೇಳುತ್ತದೆ. ಮೇಲ್ಮೈ ಮಕಮಲ್ಲಿನ ಹಾಗೆ ಮೆತ್ತಗೆ. ರೆಕ್ಕೆಯ ತುದಿಯ ಗರಿಯಾದರೆ ಸಪೂರ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಸಾಲು ಇರುತ್ತದೆ. ಗಾಳಿಯ ಸದ್ದನ್ನು ಅಡಗಿಸುವ ಏರ್ಪಾಡು ಅದು. ಕಾಗೆಯ ಗರಿಯನ್ನು ಕಿವಿಯ ಹತ್ತಿರ ಬೀಸಿದರೆ ಸುಯ್ ಅನ್ನುತ್ತದೆ. ಗೂಬೆಯದು ಬಹುತೇಕ ಸದ್ದೇ ಮಾಡುವುದಿಲ್ಲ. ಇಲಿಗೆ ಗೂಬೆ ಬಂದದ್ದು ಗೊತ್ತಾಗದಿರುವುದು ಹೀಗೆ.

ಒಂದೇ ನೋಟಕ್ಕೆ ಸಾಕು ಅನ್ನುವಂಥವು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡಂಚಿನವರಿಗೆ ಕೆಲವು ಗರಿಗಳನ್ನು ಗುರುತಿಸಲು ಅಳತೆಯೂ ಬೇಡ. ಬರೀ ಕಪ್ಪು ತಂತಿ, ತುದಿಯಲ್ಲಿ ಮಾತ್ರ ಒಂದು ಪುಟ್ಟ ಚಮಚದಂಥ ಗರಿ ಇದ್ದರೆ ಭೀಮರಾಜನ ಬಾಲ. ಗಿಡ್ಡ, ಗಡಸು, ತುದಿ ಮುಳ್ಳಿನಂತೆ ಚೂಪಾಗಿ ಸವೆದ ಬಾಲದ ಗರಿ ಮರಕುಟಿಗನದು. ಮರಕ್ಕೆ ಕಚ್ಚಿ ನಿಲ್ಲುವಾಗ ಅದು ಬಾಲವನ್ನೇ ಊರುಗೋಲು ಮಾಡಿಕೊಳ್ಳುತ್ತದೆ.

ನನಗೆ ಎಲ್ಲಕ್ಕಿಂತ ಚಂದ ಕಾಣುವುದು ಕಾಡುಕೋಳಿ ಹುಂಜದ ಕುತ್ತಿಗೆಯ ಗರಿ. ಸಪೂರವಾದ ಕಪ್ಪು-ಬೂದು ಗರಿ. ತುದಿಯಲ್ಲಿ ಮೇಣ ಕರಗಿಸಿ ಬಿಟ್ಟಂಥ ಹಳದಿ ಹನಿ. ಅದು ಮೇಲೆ ಅಂಟಿದ್ದಲ್ಲ, ಗರಿಯೇ ಅಲ್ಲಿ ಚಪ್ಪಟೆಯಾಗಿ ಹೊಳೆಯುವ ಬಿಲ್ಲೆಯಾಗಿರುತ್ತದೆ. ಉಗುರಿನಿಂದ ಮುಟ್ಟಿದರೆ ಗಟ್ಟಿ. ಮರಿ ಮಾಡುವ ಕಾಲ ಮುಗಿಯುತ್ತಿದ್ದಂತೆ ಹುಂಜ ಈ ಗರಿಗಳನ್ನು ಉದುರಿಸಿ ಮಂಕಾದವನ್ನು ಹಾಕಿಕೊಳ್ಳುತ್ತದೆ. ಸೊಪ್ಪಿನ ಬೆಟ್ಟದಲ್ಲಿ ದರಗು, ಅಂದರೆ ಒಣ ಎಲೆ, ಗುಡಿಸುವವರಿಗೆ ಇವು ಆಗೀಗ ಸಿಗುತ್ತವೆ.

ರಾಶಿ ಬಿದ್ದಿದ್ದರೆ

ಒಂದೇ ಕಡೆ ಹತ್ತಿಪ್ಪತ್ತು ಗರಿ ಬಿದ್ದಿದ್ದರೆ ಅಲ್ಲಿ ಬೇಟೆ ನಡೆದಿದೆ. ದಂಟಿನ ಬುಡ ನೋಡಿ. ಬುಡ ಪೂರ್ತಿ ಇದ್ದರೆ ಗಿಡುಗದಂಥ ಹಕ್ಕಿ ಕಿತ್ತದ್ದು. ದಂಟು ನಡುವೆಯೇ ತುಂಡಾಗಿ, ಎಳೆಗಳು ಜೊಲ್ಲಿಗೆ ಅಂಟಿಕೊಂಡಿದ್ದರೆ ಬೆಕ್ಕೋ ನಾಯಿಯೋ ಮುಂಗುಸಿಯೋ ಕಚ್ಚಿದ್ದು. ಇಂಥ ರಾಶಿಯಲ್ಲಿ ರೆಕ್ಕೆ, ಬಾಲ, ಮೈ ಮೂರೂ ಗರಿ ಸಿಗುವುದರಿಂದ ಹಕ್ಕಿಯನ್ನು ಗುರುತಿಸುವುದು ಸುಲಭ.

ಇಟ್ಟುಕೊಳ್ಳಬಹುದಾ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಪ್ರಾಣಿಯ ಕೊಂಬು, ಉಗುರು, ಹಲ್ಲಿನ ಜೊತೆಗೆ ಗರಿಯ ಹೆಸರೂ ಇದೆ. ತಾನಾಗಿ ಉದುರಿದ ನವಿಲುಗರಿಗೆ ದೇಶದೊಳಗೆ ವಿನಾಯಿತಿ ಉಂಟು, ವಿದೇಶಕ್ಕೆ ಕಳಿಸುವಂತಿಲ್ಲ. ಉಳಿದ ಕಾಡುಹಕ್ಕಿಗಳ ಗರಿಯನ್ನು ಕೂಡಿಹಾಕದೆ, ಎರಡೂ ಮೈಯ ಫೋಟೋ ತೆಗೆದು, ಅಳತೆ ಬರೆದುಕೊಂಡು, ಸಿಕ್ಕಿದಲ್ಲೇ ಬಿಡುವುದು ಒಳ್ಳೆಯದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸುತ್ತ ಹಕ್ಕಿಗಳು ಸತ್ತು ಬಿದ್ದಿದ್ದರೆ ಗರಿಯನ್ನೂ ಮುಟ್ಟಬೇಡಿ, ಪಶುವೈದ್ಯರಿಗೆ ಇಲ್ಲವೇ ಅರಣ್ಯ ಇಲಾಖೆಗೆ ತಿಳಿಸಿ.

ಹೋಲಿಸಿ ನೋಡಲು ‘ಫೆದರ್ ಲೈಬ್ರರಿ’ ಎಂಬ ಜಾಲತಾಣ ಇದೆ. 2021ರಲ್ಲಿ ಶುರುವಾದ ಇದರಲ್ಲಿ ಭಾರತದ ಹಕ್ಕಿಗಳ ಗರಿಗಳನ್ನು ಫೋಟೋ ಸಮೇತ ಜೋಡಿಸಿಟ್ಟಿದ್ದಾರೆ.

ಹಾಗಾದರೆ ಆ ಕೆಂಪು ಗರಿ?

ನಮ್ಮ ಕಡೆ ರೆಕ್ಕೆಯಲ್ಲಿ ಹೀಗೆ ಕೆಂಪಡಿಕೆಯ ಬಣ್ಣ ಇರುವ, ಸುಲಭವಾಗಿ ಕಾಣುವ ಹಕ್ಕಿಗಳು ಮುಖ್ಯವಾಗಿ ಮೂರು. ಗರುಡ, ನವಿಲು, ಕೆಂಬೂತ.

ಗರುಡನ ರೆಕ್ಕೆಯ ಹೊರಗಿನ ಗರಿಗಳು ಉದ್ದ, ತುದಿ ಕಪ್ಪು. ತುದಿಯ ಕಡೆ ಗರಿ ಥಟ್ಟನೆ ಸಪೂರವಾಗುತ್ತದೆ. ಕಾರವಾರ ಬಂದರಿನ ಮೇಲೆ ಸುತ್ತುವ ಗರುಡ ರೆಕ್ಕೆ ಹರಡಿದಾಗ ಬೆರಳು ಬಿಡಿಸಿದಂತೆ ಕಾಣುವುದು ಇದರಿಂದಲೇ. ಗಂಡು ನವಿಲಿನ ರೆಕ್ಕೆಯ ತುದಿಯ ಗರಿಗಳೂ ಕೆಂಗಂದು. ಕಣ್ಣಿರುವ ಗರಿಗಳ ನಡುವೆ ಅವನ್ನು ಯಾರೂ ಗಮನಿಸುವುದಿಲ್ಲ. ಅವು 30 ಸೆಂ.ಮೀ. ದಾಟುತ್ತವೆ, ದಂಟು ದಪ್ಪ, ಕೋಳಿಯ ಗರಿಯ ಹಾಗೆ ಬಾಗು. ಕೆಂಬೂತದ್ದು 15ರ ಆಚೀಚೆ. ಬುಡದಿಂದ ತುದಿಯವರೆಗೆ ಒಂದೇ ಕೆಂಪು, ತುದಿ ಮಾತ್ರ ಸ್ವಲ್ಪ ಮಂಕು. ಮರಿಯದಾದರೆ ಕಪ್ಪು ಪಟ್ಟೆಗಳಿರುತ್ತವೆ.

ನವಿಲು ಕುಣಿಯಿತೆಂದು ಕೆಂಬೂತ ಪುಕ್ಕ ಕೆದರಿತಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ರೆಕ್ಕೆ ಬಿಚ್ಚಿದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬಣ್ಣ.

16 ಸೆಂ.ಮೀ., ದುಂಡಗಿನ ತುದಿ, ಕಪ್ಪು ಇಲ್ಲ, ಸಿಕ್ಕಿದ್ದು ಅಡಿಕೆ ತೋಟದ ಬೇಲಿ ಬುಡದಲ್ಲಿ. ಗರುಡ ಆಕಾಶದ ಹಕ್ಕಿ. ಕೆಂಬೂತ ತೋಟದ ನೆಲದ ಮೇಲೆ ನಡೆದಾಡುತ್ತಾ ಹುಳ, ಬಸವನಹುಳು ಹೆಕ್ಕುವ ಹಕ್ಕಿ. ಹುಡುಗಿ ತಾನೇ ಹೇಳಿದಳು, “ಹಂಗಾರೆ ಕೆಂಬೂತ.” ಮುಖ ಸ್ವಲ್ಪ ಸಪ್ಪೆಯಾಯಿತು. ಅಷ್ಟರಲ್ಲಿ ಬೇಲಿಯ ಕಡೆಯಿಂದ ಊಪ್, ಊಪ್, ಊಪ್ ಎಂದು ದನಿ ಕೇಳಿತು. ನೋಟ್‌ಬುಕ್ ಕೆಳಗಿಟ್ಟು ಓಡಿದಳು.

ಸಂಜೆ ಪ್ರಾಜೆಕ್ಟ್ ಹಾಳೆಯ ಮೇಲೆ ಗರಿಯನ್ನಿಟ್ಟು ಸುತ್ತ ಪೆನ್ಸಿಲ್ ಎಳೆದು ಚಿತ್ರ ಮಾಡಿಕೊಂಡಳು. ಕೆಳಗೆ ಬರೆದಳು: ಕೆಂಬೂತ, ಬಲ ರೆಕ್ಕೆ, 16 ಸೆಂ.ಮೀ., ನಮ್ಮ ತೋಟ. ಗರಿಯನ್ನು ಆಯಿಯೇ ಬೇಲಿ ಬುಡಕ್ಕೆ ವಾಪಸ್ ಇಟ್ಟು ಬಂದಳು.